ಉಸಿರಿಗೆ ಕಾಣುವ ಕೊಕ್ಕೆ

ಹಾರ್ಲಿಂಗೆನ್
6 ನವೆಂಬರ್ 1963

ಪ್ರೀತಿಯ ತಮ್ಮ ಗೆರ್ಬೆನ್‌ಗೆ,

ನಿನ್ನ ಕೆಮ್ಮು ಹೇಗಿದೆ? ಐಮೌಡೆನ್ ಬಂದರಿನ ಆ ವಸತಿಮನೆಯಲ್ಲಿ ಬಿಸಿ ಸೂಪಾದರೂ ಕೊಡುತ್ತಾರೋ, ಇಲ್ಲ ಹೆರಿಂಗ್ ಮೀನು, ಈರುಳ್ಳಿಯಲ್ಲೇ ದಿನ ನೂಕುತ್ತಿದ್ದೀಯೋ? ಕಾಲು ವಾಸಿಯಾಗಿದೆ, ಸೋಮವಾರ ಮತ್ತೆ ಹಡಗು ಹತ್ತುತ್ತೇನೆ ಎಂದು ಬರೆದಿದ್ದೀಯ. ನಾನು ಕಳಿಸಿದ ಉಣ್ಣೆ ಅಂಗಿ ಹಾಕಿಕೋ. ಪೆಟ್ಟಿಗೆಯಲ್ಲಿಟ್ಟರೆ ಪೆಟ್ಟಿಗೆ ಬೆಚ್ಚಗಿರುತ್ತದೆ, ನೀನಲ್ಲ. ನಾನು ಚೆನ್ನಾಗಿದ್ದೇನೆ. ಅಪ್ಪ ಹೋದ ಮೇಲೆ ಹೆಂಗಸು ಬೆಳ್ಳಿ ಅಂಗಡಿ ನಡೆಸಿಯಾಳೇ ಎಂದು ಮೂಗು ಮುರಿದವರೇ ಈಗ ಚಮಚ ಹಿಡಿದು ಬರುತ್ತಿದ್ದಾರೆ.

ನಿನ್ನೆ ಎದುರಿನ ದ್ವೀಪದಿಂದ ಬೌಕ್ಯ ಎಂಬ ಅಜ್ಜಿ ಎರಡು ಹಳೇ ಚಮಚ ತಂದಳು. ಎರಡೂ ಹುಟ್ಟುಚಮಚಗಳು, ಮಗುವಿನ ಹೆಸರು, ಹುಟ್ಟಿದ ದಿನ ಕೊರೆದವು. ಹಿಂಬದಿಯಲ್ಲಿ ಅಪ್ಪಟ ಬೆಳ್ಳಿಯ ಗುರುತಾದ ಸಿಂಹ, ವರ್ಷದ ಅಕ್ಷರ, ಮಾಡಿದವನೆಂದು ನಮ್ಮ ಮುತ್ತಜ್ಜನ ಮುದ್ರೆ. ಅವುಗಳ ಪಕ್ಕದಲ್ಲಿ ಮಾತ್ರ ಬೆಳ್ಳಿ ತುಸು ತಗ್ಗಾಗಿತ್ತು; ಯಾರೋ ಏನನ್ನೋ ಉಜ್ಜಿ ತೆಗೆದಿದ್ದರು. ಅಪ್ಪ ಹೇಳುತ್ತಿದ್ದದ್ದು ನೆನಪಿದೆಯಲ್ಲ: "ಉಜ್ಜಿದ್ರೆ ಮುದ್ರೆ ಹೋಗಲ್ಲ ಕಣೇ, ಒಳಗೆ ಅವಿತ್ಕೊಂಡಿರುತ್ತೆ. ಉಸಿರು ಬಿಡು, ಎದ್ದು ಬರುತ್ತೆ." ಬಿಟ್ಟೆ. ಹಬೆಯಲ್ಲಿ ಪುಟ್ಟ ಕೊಕ್ಕೆಯೊಂದು ಮೂಡಿ, ಹಬೆ ಆರಿದೊಡನೆ ಮಾಯವಾಯಿತು. ಇನ್ನೊಂದರಲ್ಲೂ ಅದೇ. ಯಾವ ಊರಿನ ಮುದ್ರೆಪಟ್ಟಿಯಲ್ಲೂ ಆ ಗುರುತಿಲ್ಲ.

ಅಜ್ಜಿಗೆ ಗೊತ್ತಿತ್ತು. ಕಡಲಲ್ಲಿ ಹೆಣವೂ ಸಿಗದಂತೆ ಹೋದವರ ಹುಟ್ಟುಚಮಚಕ್ಕೆ, ಕಡಲಿಗೆ ಕೊಟ್ಟೆವು ಎಂದು, ಹಿಂದಿನ ಕಾಲದ ಬೆಳ್ಳಿಗೆಲಸದವರು ಕೊಕ್ಕೆ ಒತ್ತುತ್ತಿದ್ದರಂತೆ. ಈ ಚಮಚಗಳು ಯಾರವೋ ಆ ಅವಳ ಅಜ್ಜ, ಚಿಕ್ಕಪ್ಪ ಇಬ್ಬರೂ ಸತ್ತರೆಂದು ಒತ್ತಿಸಿದ ಮೇಲೆ ಬದುಕಿ ಬಂದರು. ಮನೆಯವರು ಖುಷಿಯಲ್ಲಿ ಅದನ್ನು ಉಜ್ಜಿಸಿಬಿಟ್ಟರು. "ಮುಂದಿನ್ ಸಲ ಹಡಗು ಹತ್ತಿದ್ರಲ್ಲ, ಅವಾಗ್ಲೇ ಹೋದ್ರಮ್ಮ ಇಬ್ರೂ. ಒಂದ್ಸಲ ಕೊಟ್ಟೆ ಅಂದ್ಮೇಲೆ ಕಡಲು ಮರೆಯುತ್ತಾ?" ಎಂದಳು. ಅಡಗೂಲಜ್ಜಿ ಕಥೆ ಎಂದು ನಾನು ನಕ್ಕೆ. ಅವಳು ನಗಲಿಲ್ಲ.

ವಸತಿಮನೆಯ ಯಜಮಾನಿಗೆ ನನ್ನ ನಮಸ್ಕಾರ ತಿಳಿಸು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಕ್ಕ,
ವೀಟ್ಸ್ಕೆ

ತಾ.ಕ.: ಮೇಲೆ ಬರೆಯಲು ಕೈ ಬರಲಿಲ್ಲ. ಹೋದ ವರ್ಷ ನಿಮ್ಮ ಹಡಗು ಹನ್ನೊಂದು ದಿನ ಕಾಣೆಯಾದಾಗ ಅಪ್ಪ ಅಂಗಡಿಯ ಬಾಗಿಲು ಹಾಕಿಕೊಂಡು ಒಬ್ಬರೇ ಕೂತಿದ್ದರು. ನೀನು ಮುರಿದ ಕಾಲಿನೊಂದಿಗೆ ಬಂದ ದಿನವೂ ಹಾಗೇ ಕೂತಿದ್ದರು. ಏನು ಮಾಡಿದರೆಂದು ನಾನು ಕೇಳಲೇ ಇಲ್ಲ. ಇವತ್ತು ನಿನ್ನ ಹುಟ್ಟುಚಮಚಕ್ಕೆ ಉಸಿರು ಬಿಟ್ಟೆ. ಕಾಲು ಮುರಿದುಕೊಂಡು ಬಂದಂದಿನಿಂದ ನೀನು ಕಡಲಿಗಿಳಿದಿಲ್ಲ, ಸೋಮವಾರವೇ ಮೊದಲು. ಹತ್ತಬೇಡ, ಗೆರ್ಬೆನ್. ಹೇಡಿ ಎಂದರೆ ಎನ್ನಲಿ, ನನಗೆ ನೀನು ಬೇಕು. ಹಬೆ ಆರಿ ಒಂದು ಗಂಟೆಯಾಯಿತು. ಕೊಕ್ಕೆ ಇನ್ನೂ ಹೋಗಿಲ್ಲ.