ಅನ್ನದಲ್ಲಿ ನೆಟ್ಟ ಚಮಚ

ಅಪ್ಪ,

ಇವತ್ತು ಶಾಲೆಯಲ್ಲಿ ಊಟದ ಹೊತ್ತಿಗೆ ಒಂದು ಎಡವಟ್ಟು ಮಾಡಿದೆ. ನೀರು ತರಲು ಏಳುವಾಗ ಚಮಚವನ್ನು ಅನ್ನದಲ್ಲೇ ಚುಚ್ಚಿ ನಿಲ್ಲಿಸಿದೆ. ಪಕ್ಕದಲ್ಲಿದ್ದ ಬೊಕ್ ಮೇಡಂ ಹೌಹಾರಿ ಅದನ್ನು ಕಿತ್ತರು.

"ಅಯ್ಯೋ ನೂಲಾ ಟೀಚರ್, ಹಂಗೆ ನಿಲ್ಲಿಸಬಾರ್ದು ಕಣ್ರೀ! ಸತ್ತವರಿಗೆ ಎಡೆ ಇಡೋದು ಹಂಗೆ."

ಎದುರಿಗಿದ್ದ ನಾಲ್ಕನೇ ಕ್ಲಾಸಿನ ದಾಯುಲ್ ಕಿಸಕ್ಕನೆ ನಕ್ಕಳು. "ಯಾರು ಸತ್ರು ಟೀಚರ್?"

"ಯಾರೂ ಇಲ್ಲಮ್ಮ" ಎಂದು ನಾನೂ ನಕ್ಕೆ.

ನಿನ್ನ ವಿಷಯ ಇಲ್ಲಿ ಯಾರಿಗೂ ಗೊತ್ತಿಲ್ಲ. ನೀನು ಹೋದಾಗ ನಾನು ಕೊರಿಯಾಕ್ಕೆ ಬಂದು ಮೂರೇ ವಾರವಾಗಿತ್ತು. ಹೊಸ ಇಂಗ್ಲಿಷ್ ಟೀಚರು ಆಗಲೇ ರಜೆ ಕೇಳಿದರೆ ಏನಂದುಕೊಳ್ಳುತ್ತಾರೋ ಎಂದು ಅಳುಕಿದೆ. ನಮ್ಮೂರು ಗಾಲ್ವೇಗೆ ಫೋನ್ ಮಾಡಿ, ರಜೆ ಕೊಡಲಿಲ್ಲವೆಂದು ಅಣ್ಣನಿಗೆ ಹೇಳಿದೆ. ಪಾಪ, ಅವನು ಶಾಲೆಯವರನ್ನು ಬಾಯಿಗೆ ಬಂದಂತೆ ಬೈದ. ನಾನು ರಜೆ ಕೇಳಿಯೇ ಇರಲಿಲ್ಲ, ಅಪ್ಪ.

ಸಂಜೆ ಕೋಣೆಗೆ ಬಂದವಳೇ ಅನ್ನ ಮಾಡಿದೆ. ಇಲ್ಲಿರುವುದು ಒಂದೇ ಕುರ್ಚಿ. ಅದರ ಎದುರಿಗೆ ಬಟ್ಟಲಿಟ್ಟು, ನಡುವೆ ಚಮಚ ನೆಟ್ಟು, ನಾನು ನೆಲದ ಮೇಲೆ ಕೂತಿದ್ದೇನೆ. ಅನ್ನ ನಿನಗೆ ಸೇರುತ್ತಿರಲಿಲ್ಲ, ಗೊತ್ತು. ಆದರೆ ನಿನಗಿಷ್ಟವಾದ ಬೇಯಿಸಿದ ಆಲೂಗಡ್ಡೆಯಲ್ಲಿ ಚಮಚ ನಿಲ್ಲುವುದಿಲ್ಲ.

ಅದು ನೆಟ್ಟಗೆ ನಿಂತೇ ಇದೆ. ಕೀಳುವವರು ಯಾರೂ ಇಲ್ಲ.