ಗಂಟಲು ವಾಸಿಯಾಗುವ ತನಕ

ಹೊಳೆನರಸೀಪುರ
ಭಾನುವಾರ, 16 ನವೆಂಬರ್ 2025

ಅವ್ವಾ,

ಒಂದೇ ಮನೆಯಲ್ಲಿದ್ದುಕೊಂಡು ಪತ್ರ ಬರೆಯುತ್ತಿದ್ದೇನೆ, ಮೊದಲು ಅದಕ್ಕೆ ಸಾರಿ. ಇದನ್ನು ನೋಡಿ ಹೆದರಬೇಡ. ರಕ್ತ ಬಂದಿಲ್ಲ, ಜ್ವರ ಇಲ್ಲ, ಬೆಳಗಿನ ಮಾತ್ರೆ ನುಂಗಿದ್ದೇನೆ. ನೀನು ಪಕ್ಕದ ಮನೆ ರೇವಕ್ಕನ ಜೊತೆ ಅವರೆಕಾಯಿ ತರಲು ಹೋಗಿದ್ದೀಯ. ಅಜ್ಜಿ ಹಿತ್ತಲಲ್ಲಿ ಬಿಸಿಲು ಕಾಯಿಸುತ್ತಾ ಕೂತಿದೆ. ಅಷ್ಟರೊಳಗೆ ಬರೆದು ಮುಗಿಸಬೇಕು.

ಮಾತಾಡಬಾರದು ಅಂತ ಕೊಟ್ಟಿರುವ ಸ್ಲೇಟಿನಲ್ಲಿ ಬರೆಯಬಹುದಿತ್ತು. ಆದರೆ ಆ ಸ್ಲೇಟಿನಲ್ಲಿ ಹಿಡಿಯುವುದು ‘ನೀರು’, ‘ಬಿಸಿ ಬೇಡ’, ‘ಕಿವಿ ನೋವು’ ಅಷ್ಟೇ. ವಾಟ್ಸಾಪ್‌ನಲ್ಲಿ ಹಾಕಿದರೆ ನೀನು ಪೂರ್ತಿ ಓದದೆ ಹೆಬ್ಬೆರಳು ಕಳಿಸಿಬಿಡುತ್ತೀಯ. ಇವತ್ತು ಭಾನುವಾರ ಅನ್ನುವುದೂ ಒಂದು ಕಾರಣ. ಚನ್ನರಾಯಪಟ್ಟಣದ ಹಾಸ್ಟೆಲ್ಲಿನಲ್ಲಿ ಭಾನುವಾರ ತಿಂಡಿ ಆದ ಮೇಲೆ ಎಲ್ಲರೂ ಸಾಲಾಗಿ ಕೂತು ಮನೆಗೆ ಪತ್ರ ಬರೆಯಬೇಕಿತ್ತಲ್ಲ. ಇಂಗ್ಲಿಷಿನಲ್ಲೇ ಬರೆಯಬೇಕು, ‘ಡಿಯರ್ ಮಮ್ಮಿ’ ಅಂತಲೇ ಶುರು ಮಾಡಬೇಕು, ವಾರ್ಡನ್ ಮೇಡಂ ಓದಿ ಸಹಿ ಹಾಕಿದ ಮೇಲೇ ಕವರಿಗೆ ಹಾಕಬೇಕು. ಹಾಗಾಗಿ ಎಲ್ಲ ಹುಡುಗಿಯರ ಪತ್ರವೂ ಒಂದೇ ಥರ ಇರುತ್ತಿತ್ತು. ನಾನು ಚೆನ್ನಾಗಿದ್ದೇನೆ, ಊಟ ಚೆನ್ನಾಗಿದೆ, ಓದು ಚೆನ್ನಾಗಿ ನಡೆದಿದೆ. ಅಪ್ಪ ಓದಿ ನಿನಗೆ ಹೇಳುತ್ತಿದ್ದದ್ದು ಇದನ್ನೇ. ಯಾರ ಸಹಿಯೂ ಇಲ್ಲದೆ ನಾನು ನಿನಗೆ ಬರೆಯುತ್ತಿರುವ ಮೊದಲನೇ ಪತ್ರ ಇದು. ಒತ್ತಕ್ಷರ ತಪ್ಪಿದ್ದರೆ ಅಡ್ಜಸ್ಟ್ ಮಾಡಿಕೋ.

ವಿಷಯ ನನ್ನ ಬ್ಯಾಗಿನದು. ನಿನ್ನೆ ನೀನು ಅದಕ್ಕೆ ಬಟ್ಟೆ ಮಡಚಿ ಇಟ್ಟೆ. ಖಾರ ಕಮ್ಮಿ ಮಾಡಿ ಚಟ್ನಿಪುಡಿ ಕುಟ್ಟಿ ಡಬ್ಬಿಗೆ ತುಂಬಿದೆ. ನಾಳೆ ಬೆಳಿಗ್ಗೆ ಅಪ್ಪ ಹಾಸನಕ್ಕೆ ಬಂದು ಕಾಲೇಜ್ ಹಾಸ್ಟೆಲ್ಲಿಗೆ ಬಿಟ್ಟು, ಆಮೇಲೆ ಅರಕಲಗೂಡಿಗೆ ಡ್ಯೂಟಿಗೆ ಹೋಗುತ್ತಾರೆ ಅಂದೆ. ನಾನು ತಲೆ ಆಡಿಸಿದೆ. ನಾನು ತಲೆ ಆಡಿಸಿದ್ದು ನೋಡಿ ನೀನೂ ಆಡಿಸಿದೆ. ಅವ್ವ, ನನಗೆ ಹೋಗುವುದಕ್ಕೆ ಇಷ್ಟ ಇಲ್ಲ. ಮನೆಯಲ್ಲೇ ಇದ್ದುಕೊಂಡು ದಿನಾ ಕಾಲೇಜಿಗೆ ಹೋಗಿ ಬರಬೇಕು ಅಂತ ಆಸೆ. ಇದಿಷ್ಟೇ ವಿಷಯ. ಆದರೆ ಇದಿಷ್ಟನ್ನೇ ಹೇಳಿದರೆ ಹುಡುಗಿಗೆ ಗಂಟಲು ನೋವಿಗೆ ಹೀಗೆಲ್ಲ ಅನ್ನಿಸುತ್ತಿದೆ ಅಂದುಕೊಳ್ಳುತ್ತೀಯ. ಅದಕ್ಕೇ ಉಳಿದದ್ದನ್ನೂ ಬರೆಯುತ್ತೇನೆ.

ಆಪರೇಷನ್‌ಗೆ ಮುಂಚೆ ನಾನು ಧೈರ್ಯವಾಗಿದ್ದೇನೆ ಅಂತ ನೀನು ಎಲ್ಲರಿಗೂ ಹೇಳಿದೆ. ಧೈರ್ಯ ಏನೂ ಇರಲಿಲ್ಲ. ಟಾನ್ಸಿಲ್ ತೆಗೆದ ಮೇಲೆ ಏನೇನು ಆಗಬಹುದು ಅಂತ ಫೋನಿನಲ್ಲಿ ಎಷ್ಟು ಓದಿದ್ದೆ ಅಂದರೆ, ಡಾಕ್ಟರಿಗೆ ನಾನೇ ಪಾಠ ಮಾಡಬಹುದಿತ್ತು. ಎಚ್ಚರ ಆದಾಗ ನೀನು ನನ್ನ ಪಾದ ಹಿಡಿದುಕೊಂಡು ಕೂತಿದ್ದೆ. ತಲೆ ಹತ್ತಿರ ನರ್ಸು, ಕೈಗೆ ಡ್ರಿಪ್ಪು, ನಿನಗೆ ಸಿಕ್ಕಿದ್ದು ಪಾದ. ಬಿಸಿಯಾಗಿತ್ತು ನಿನ್ನ ಕೈ. ಬಿಡಬೇಡ ಅಂತ ಹೇಳೋಣ ಅಂದರೆ ಗಂಟಲು ಯಾರದ್ದೋ ಅನ್ನುವ ಹಾಗಿತ್ತು.

ಮನೆಗೆ ಬಂದ ಮೇಲೆ ಎಲ್ಲರಿಗೂ ಏನಾಯಿತೋ ಗೊತ್ತಿಲ್ಲ. ಮಾತಾಡಬಾರದು ಅಂತ ಹೇಳಿದ್ದು ನನಗೆ. ಆದರೆ ಅಪ್ಪ ಪಿಸುಗುಟ್ಟಲು ಶುರು ಮಾಡಿದರು. ರೇವಕ್ಕ ಬಾಗಿಲಲ್ಲೇ ನಿಂತು ಕೈಸನ್ನೆಯಲ್ಲಿ ಊಟ ಆಯ್ತಾ ಅಂತ ಕೇಳಿದರು. ಅಜ್ಜಿ ಮಾತ್ರ ಮಲ್ಲಿಪಟ್ಟಣದಿಂದ ಬಂದು ಇಳಿದ ತಕ್ಷಣ ಬೀದಿಗೆಲ್ಲ ಕೇಳುವ ಹಾಗೆ ಮಾತಾಡಿತು. ಐಸ್‌ಕ್ರೀಂ ಡಬ್ಬ ನೋಡಿ ಅದು ಅಂದದ್ದು ನೆನಪಿದೆಯಾ?

“ಗಂಟ್ಲು ಕುಯ್ದವ್ರೆ, ಅದ್ಕೆ ಐಸ್ ಇಕ್ಕಿ ಅಂತವ್ರೆ. ಆ ಡಾಕ್ಟ್ರಿಗೆ ಅವ್ವ ಅನ್ನೋಳು ಇಲ್ವಾ?”

ಆಮೇಲೆ ದೃಷ್ಟಿ ತೆಗೆಯುತ್ತೇನೆ ಅಂತ ಒಣಮೆಣಸಿನಕಾಯಿ ಉಪ್ಪು ಇಳಿಸಿ ಕೆಂಡಕ್ಕೆ ಹಾಕಲು ಹೋದಾಗ, ನೀನು ಹೊಲಿಗೆ ಮಷೀನ್ ಬಿಟ್ಟು ಓಡಿ ಬಂದು ಆ ಕೆಂಡದ ಚಿಪ್ಪನ್ನು ಬೀದಿಗೆ ಹಿಡಿದುಕೊಂಡು ಹೋದೆ. ಆ ಹೊಗೆಗೆ ನಾನು ಕೆಮ್ಮಿದ್ದರೆ ಹಸಿ ಗಾಯ ಬಿಟ್ಟುಕೊಳ್ಳುತ್ತಿತ್ತು. ಬೀದಿಯವರೆಲ್ಲ ಕೆಮ್ಮಿದರು, ನಾನೊಬ್ಬಳು ಉಳಿದೆ. ನನ್ನ ದೃಷ್ಟಿ ತೆಗೆಯಲು ಹೋಗಿ ಬೀದಿಯವರದ್ದೆಲ್ಲ ತೆಗೆದ ಹಾಗಾಯಿತು.

ನಗಬೇಕು ಅನ್ನಿಸುತ್ತಿತ್ತು, ನಕ್ಕರೆ ಕಿವಿವರೆಗೆ ಎಳೆಯುತ್ತಿತ್ತು.

ಈಗ ಸ್ಲೇಟಿನ ವಿಷಯ. ಮನೆಗೆ ಬಂದ ಶುರುವಿನಲ್ಲಿ ನಾನು ಅದರಲ್ಲಿ ‘ವಾಪಸ್ ಯಾವಾಗ?’ ಅಂತ ಬರೆದು ನಿನಗೆ ತೋರಿಸಿದೆ. ನನ್ನ ತಲೆಯಲ್ಲಿದ್ದದ್ದು ಅಟೆಂಡೆನ್ಸ್. ಫಸ್ಟ್ ಇಯರಿನಲ್ಲೇ ಕಮ್ಮಿಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲ ಅಂತ ಯಾರೋ ಹೇಳಿದ್ದರು, ಆ ಭಯಕ್ಕೆ ಬರೆದೆ. ನೀನು ಓದಿದೆ, ಸೆರಗಿನಲ್ಲಿ ಸ್ಲೇಟು ಒರೆಸಿ ಕೊಟ್ಟೆ, ಮಷೀನಿಗೆ ಹೋಗಿ ಕೂತೆ. ಸಂಜೆ ಜಗಲಿಯಲ್ಲಿ ರೇವಕ್ಕನ ಹತ್ತಿರ ಅಂದೆ:

“ಬುಟ್ರೆ ಇವತ್ತೇ ಓಗ್ತಾಳೆ ಕಣ್ ರೇವಕ್ಕ. ಅವ್ಳಿಗೆ ಆಸ್ಟೆಲ್ಲೇ ಮನೆ. ನಾವು ನೆಂಟ್ರು.”

ಅವ್ವ, ನನ್ನ ಮಾತು ನಿಂತಿತ್ತು, ಕಿವಿ ನಿಂತಿರಲಿಲ್ಲ.

ನಿನಗೆ ಹಾಗೆ ಅನ್ನಿಸಲು ನಾನೂ ಕಾರಣ, ಗೊತ್ತು. ಕುಡಿದ ಲೋಟ ನಾನೇ ತೊಳೆದು ಬೋರಲು ಹಾಕುತ್ತೇನೆ. ಎದ್ದ ತಕ್ಷಣ ಹೊದಿಕೆಯ ನಾಲ್ಕು ಮೂಲೆ ಕೂಡಿಸಿ ಮಡಚುತ್ತೇನೆ. ನನ್ನ ಸೋಪು ಬೇರೆ ಡಬ್ಬಿಯಲ್ಲಿ. ಫ್ಯಾನ್ ಹಾಕಲಾ ಅಂತ ಸ್ಲೇಟಿನಲ್ಲಿ ಬರೆದು ಕೇಳಿದಾಗ ಅಜ್ಜಿ ಓದಿಸಿಕೊಂಡು, ಈ ಮಗ ನಮ್ಮ ಮನೆಗೆ ಹೆಣ್ಣು ನೋಡೋಕೆ ಬಂದವರ ಥರ ಕೂತದೆ ಅಂದಿತು. ನೀನು ನಗಲಿಲ್ಲ. ನಾನು ಬೇಕು ಅಂತ ಮಾಡುವುದಲ್ಲ ಅವ್ವ. ಹತ್ತು ವರ್ಷದವಳಿದ್ದಾಗ ಹತ್ತಿದ ಅಭ್ಯಾಸ, ಮನೆಗೆ ಬಂದ ತಕ್ಷಣ ಬಾಗಿಲಲ್ಲಿ ಚಪ್ಪಲಿ ಬಿಟ್ಟ ಹಾಗೆ ಬಿಟ್ಟು ಬರಲು ಆಗುವುದಿಲ್ಲ.

ಮುದ್ದೆಯೂ ಹಾಗೇ. ಚಿಕ್ಕವಳಿದ್ದಾಗ ನೀನು ಉಂಡೆ ಮಾಡಿ ಬಾಯಿಗಿಟ್ಟರೆ ಗುಳುಂ ಅಂತ ನುಂಗುತ್ತಿದ್ದೆ. ಹಾಸ್ಟೆಲ್ಲಿನಲ್ಲಿ ನನ್ನ ಟೇಬಲ್ಲಿನ ಹುಡುಗಿಯರು ಬೇರೆ ಬೇರೆ ಊರಿನವರು. ವಾರಕ್ಕೊಮ್ಮೆ ಮುದ್ದೆ ಮಾಡಿದ ದಿನ ನಾನು ನುಂಗುವುದನ್ನು ನೋಡಿ, ಸೇಮ್ ಹಾವು ಇಲಿ ನುಂಗಿದ ಹಾಗೆ ಅಂತ ನಕ್ಕರು. ಆಮೇಲೆ ಅವರ ಹಾಗೆ ನಾನೂ ಅಗಿದು ತಿನ್ನುವುದು ಕಲಿತೆ. ರಜಕ್ಕೆ ಮನೆಗೆ ಬಂದರೆ ನೀವೆಲ್ಲ ನಕ್ಕಿರಿ. ನಮ್ಮ ಸೀಮೆಯಲ್ಲಿ ಮುದ್ದೆ ಅಗಿಯುವ ಹುಡುಗಿ ಇವಳೊಬ್ಬಳೇ ಅಂತ ಅಪ್ಪ ಬಂದವರಿಗೆಲ್ಲ ಹೇಳಿದರು. ಅಲ್ಲಿ ನುಂಗಿದರೆ ತಪ್ಪು, ಇಲ್ಲಿ ಅಗಿದರೆ ತಪ್ಪು. ನಾನು ಎರಡೂ ಕಡೆ ಅನ್ನ ಕೇಳಲು ಶುರು ಮಾಡಿದೆ.

ಹೋದ ವಾರ ಗಂಜಿ, ರಾಗಿ ಅಂಬಲಿ ಎಲ್ಲ ಸಾಕಾಗಿ ಅಳು ಬರುವ ಹಾಗಾಗಿತ್ತಲ್ಲ. ಟಾರ್ಚ್ ಹಾಕಿ ಕನ್ನಡಿಯಲ್ಲಿ ನೋಡಿಕೊಂಡು, ಗಂಟಲಲ್ಲಿ ಬೆಳ್ಳಗೆ ಏನೋ ಕಟ್ಟಿದೆ, ಕೀವೇ ಇರಬೇಕು ಅಂತ ಗಾಬರಿ ಬಿದ್ದಿದ್ದೆ. ನೀನು ಡಾಕ್ಟರಿಗೆ ಫೋನು ಮಾಡಿದೆ. ಅದು ಗಾಯದ ಮೇಲೆ ಕಟ್ಟುವ ಪೊರೆ, ಮಾಯುವಾಗ ಹಾಗೇ ಇರುತ್ತದೆ, ಮೆತ್ತಗಿರುವುದು ಏನಾದರೂ ತಿನ್ನಿಸಿ, ನುಂಗಿದಷ್ಟೂ ಒಳ್ಳೆಯದು ಅಂದರಂತೆ. ನೀನು ಫೋನಿಟ್ಟು ನೇರ ಅಡುಗೆಮನೆಗೆ ಹೋಗಿ ಮುದ್ದೆಗೆ ಎಸರಿಟ್ಟೆ. ಮೆತ್ತಗೆ ತೊಳಸಿ, ಆರಲು ಬಿಟ್ಟು, ಖಾರ ಹಾಕದ ಅವರೆಕಾಳಿನ ಸಾರು ಬಿಟ್ಟು ತಂದೆ. ನಾನು ಅಗಿಯಲು ಹೋದೆ. ದವಡೆಯಿಂದ ಕಿವಿಗೆ ಸೂಜಿ ಚುಚ್ಚಿದ ಹಾಗಾಯಿತು. ಆಗ ನೀನು ಸುಂಡಿಲಿಯ ಕಿವಿಯಷ್ಟು ಮುರಿದು, ಬೆಣ್ಣೆಯಲ್ಲಿ ಹೊರಳಿಸಿ, ಬಾಯಿ ತೆಗಿ ಅಂದೆ.

“ಅಗೀಬ್ಯಾಡ. ಅಲ್ಲಿಗೆ ಏಳ್ಲೇಬ್ಯಾಡ. ನಾಲ್ಗೆ ಮೇಲೆ ಇಟ್ಕಂಡು ಬುಟ್ಬುಡು, ಅದೇ ದಾರಿ ಉಡ್ಕತದೆ.”

ಹಲ್ಲಿಗೆ ಹೇಳಲಿಲ್ಲ. ಬಿಟ್ಟೆ. ಇಳಿಯಿತು. ನೋವಾಯಿತು, ಆದರೂ ಇಳಿಯಿತು. ಇನ್ನೊಂದು ಅಂತ ಬೆರಳು ತೋರಿಸಿದೆ. ಅಜ್ಜಿ ಗೋಡೆಗೆ ಒರಗಿಕೊಂಡು ನೋಡುತ್ತಿತ್ತು. ಹೊಟ್ಟೆಗೆ ಹೋದ ಮೇಲೆ ಅದಕ್ಕೆ ಇಂಗ್ಲಿಷೂ ಒಂದೇ ಕನ್ನಡವೂ ಒಂದೇ ಬಿಡು ಅಂದಿತು. ತಟ್ಟೆ ಖಾಲಿಯಾದ ಮೇಲೆ ಅದನ್ನು ತೊಳೆಯಲು ನಾನು ಏಳಲಿಲ್ಲ. ನೀನು ಗಮನಿಸಿದೆಯೋ ಇಲ್ಲವೋ ಗೊತ್ತಿಲ್ಲ.

ಈಗ ಕಷ್ಟದ್ದು. ಶುಕ್ರವಾರ ಹಾಸನದಲ್ಲಿ ಡಾಕ್ಟರಿಗೆ ತೋರಿಸಿಕೊಂಡು ಬಂದ ಸಾಯಂಕಾಲ ನೀನು ಯಾರದೋ ಮದುವೆಯ ಬ್ಲೌಸಿಗೆ ಹುಕ್ಸು ಹಾಕುತ್ತಾ ಕೂತಿದ್ದೆ. ನಾನು ಪಕ್ಕದಲ್ಲಿ ಮಲಗಿದ್ದೆ. ನೀನು ತಲೆ ಎತ್ತದೆ, ದಾರ ಕಚ್ಚಿಕೊಂಡು, ಇದ್ದಕ್ಕಿದ್ದ ಹಾಗೆ ಹೇಳಿದೆ.

“ಆವತ್ತು ನಿನ್ನ ಚನ್ರಾಯಪಟ್ಣದಲ್ಲಿ ಬುಟ್ಟು ಬಸ್ ಸ್ಟ್ಯಾಂಡ್ ತಂಕ ಓಗಿದ್ದೆ ಕಣಮ್ಮಿ. ನಿಮ್ಮಪ್ಪನ್ನ ಅಲ್ಲೇ ಕೂರ್ಸಿ ಒಬ್ಳೇ ವಾಪಸ್ ಬಂದೆ. ಕಾಂಪೌಂಡ್ ಆಚೆ ನಿಂತ್ಕಂಡೆ. ನೀನು ಅಳೋ ಸದ್ದು ಕೇಳಿದ್ರೆ ಎತ್ಕಂಡು ಬಂದ್ಬುಡಾನ ಅಂತ. ಬ್ಯಾರೆ ಮಕ್ಳೆಲ್ಲ ಅಳ್ತಿದ್ವು. ನಿನ್ ದನಿ ಬರ್ಲೇ ಇಲ್ಲ. ಸರಿ, ನನ್ ಮಗ್ಳು ಗಟ್ಟಿ, ಇವ್ಳಿಗೆ ನಾನು ಬ್ಯಾಡ ಅಂದ್ಕಂಡು ಬಸ್ ಅತ್ತುಬುಟ್ಟೆ.”

ಆಮೇಲೆ ದಾರ ಮುಗೀತು ಅಂತ ಎದ್ದು ಹೋದೆ. ಬಹಳ ಹೊತ್ತು ಬರಲಿಲ್ಲ. ದಾರದ ಉಂಡೆ ನಿನ್ನ ಮಡಿಲಿಂದ ಉರುಳಿ ಚಾಪೆಯ ಮೇಲೇ ಬಿದ್ದಿತ್ತು.

ಅವ್ವ, ನಾನು ಗಟ್ಟಿ ಇರಲಿಲ್ಲ. ಆವತ್ತು ಬೆಳಿಗ್ಗೆ ಹೊರಡುವಾಗ ಅಜ್ಜಿ ನನ್ನನ್ನು ಬಾಗಿಲ ಹಿಂದೆ ಕರೆದುಕೊಂಡು ಹೋಗಿ ಹೇಳಿತ್ತು: ನೀನು ಅತ್ತರೆ ನಿಮ್ಮವ್ವನ ಕರುಳು ತಡೆಯಲ್ಲ, ವಾಪಸ್ ಕರಕೊಂಡು ಬಂದುಬಿಡ್ತಾಳೆ. ಆಮೇಲೆ ನೀನೂ ಅವಳ ಥರ ಆ ಮೂಲೆಯಲ್ಲಿ ಕೂತು ಊರವರ ಬ್ಲೌಸಿಗೆ ಹುಕ್ಸು ಹಾಕಬೇಕು. ಅಳು ಬಂದರೆ ನುಂಗ್ಕೊ. ಅಜ್ಜಿ ಕೆಟ್ಟದ್ದಕ್ಕೆ ಹೇಳಿದ್ದಲ್ಲ, ಅದರ ಮೇಲೆ ಸಿಟ್ಟು ಮಾಡಬೇಡ. ನಾನು ನುಂಗಿದೆ. ಗೇಟಿನಲ್ಲಿ ನೀನು ತಿರುಗಿ ಕೂಡ ನೋಡದೆ ಹೋದೆಯಲ್ಲ, ಅವ್ವನಿಗೆ ನಾನು ಹೋದದ್ದೇ ನೆಮ್ಮದಿ ಅಂದುಕೊಂಡು ಇಷ್ಟು ವರ್ಷ ‘ಐ ಆಮ್ ಫೈನ್’ ಅಂತ ಬರೆದೆ. ನೀನು ಗೋಡೆಯ ಆಚೆ, ನಾನು ಗೋಡೆಯ ಈಚೆ. ನನ್ನ ಒಂದು ಕೂಗು ಸಾಕಾಗಿತ್ತು.

ಹಾಗಂತ ಅಲ್ಲಿ ಓದಿದ್ದು ದಂಡ ಅಂತ ನಾನು ಹೇಳುತ್ತಿಲ್ಲ. ಒಳ್ಳೆಯ ಟೀಚರ್ಸ್ ಇದ್ದರು, ಫ್ರೆಂಡ್ಸ್ ಇದ್ದರು. ಸುಮ್ಮನೆ ನಿನ್ನ ಮನಸ್ಸು ನೋಯಿಸಲು ಬರೆಯುತ್ತಿಲ್ಲ. ನಾಳೆ ಬ್ಯಾಗ್ ಎತ್ತಿಕೊಂಡರೆ ಮತ್ತೆ ಮೂರು ವರ್ಷ ಇಬ್ಬರೂ ತಲೆ ಆಡಿಸಿಕೊಂಡೇ ಇರುತ್ತೇವೆ, ಆಮೇಲೆ ಕೆಲಸ, ಆಮೇಲೆ ಇನ್ನೇನೋ. ಅದಕ್ಕೆ ಭಯ.

ಹಾಸನಕ್ಕೆ ಬೆಳಿಗ್ಗೆ ರೈಲಿದೆ, ತಪ್ಪಿದರೆ ಬಸ್ಸಿದೆ. ಅಪ್ಪ ದಿನಾ ಅರಕಲಗೂಡಿಗೆ ಹೋಗಿ ಕರೆಂಟ್ ಕಂಬ ಹತ್ತಿ ವಾಪಸ್ ಬರುತ್ತಾರೆ, ನಾನು ಬೆಂಚಿನ ಮೇಲೆ ಕೂತು ಬರಲಾರೆನಾ? ಸಂಜೆ ಬಂದು ನಿನ್ನ ಹುಕ್ಸು ನಾನೂ ಹಾಕುತ್ತೇನೆ. ಅಜ್ಜಿ ಹೆದರಿಸಿದ ಆ ಮೂಲೆ ನನಗೆ ಈಗ ಇಷ್ಟ. ನಿನಗೆ ನಾನು ಮನೆಯಲ್ಲಿದ್ದರೆ ಕಷ್ಟ ಅನ್ನಿಸಿದರೆ ಹಾಗೇ ಹೇಳು, ಬೇಜಾರು ಮಾಡಿಕೊಳ್ಳದೆ ಹೋಗುತ್ತೇನೆ. ಬೇಜಾರು ಮಾಡಿಕೊಳ್ಳುತ್ತೇನೆ, ಆದರೂ ಹೋಗುತ್ತೇನೆ.

ಈ ಪತ್ರವನ್ನು ಮಷೀನಿನ ಸೂಜಿ ಕೆಳಗೆ ಇಟ್ಟು, ಬಟ್ಟೆ ಒತ್ತುವ ಪಾದ ಇಳಿಸುತ್ತೇನೆ. ಬಂದ ತಕ್ಷಣ ನೀನು ಮೊದಲು ಕೂರುವುದು ಅಲ್ಲೇ. ಹೊಲಿದುಬಿಡಬೇಡ, ಓದು.

ನಿನ್ನ ಮಗಳು
ಕವನಾ

ಇನ್ನೊಂದು ಮಾತು: ಶುಕ್ರವಾರ ಡಾಕ್ಟರು ನನ್ನ ಬಾಯಿಗೆ ಟಾರ್ಚ್ ಬಿಟ್ಟು ನೋಡುವಾಗ ನೀನು ಕೆಳಗೆ ಔಷಧಿ ಅಂಗಡಿಯ ಕ್ಯೂನಲ್ಲಿದ್ದೆ. ಚೆನ್ನಾಗಿ ಮಾಯುತ್ತಿದೆ, ಇನ್ನು ಮೆಲ್ಲಗೆ ಮಾತಾಡಬಹುದು ಅಂದರು. ‘ಸರಿ ಸರ್’ ಅಂದೆ. ದನಿ ಬಂತು, ಸ್ವಲ್ಪ ಬೇರೆ ಥರ. ನೀನು ಬಂದು ಏನಂದರು ಅಂತ ಕೇಳಿದಾಗ ನಾನು ಮತ್ತೆ ಸ್ಲೇಟು ತೆಗೆದು ‘ಇನ್ನೂ ಸ್ವಲ್ಪ ದಿನ’ ಅಂತ ಬರೆದೆ. ನಾನು ಮಾತಾಡಿದರೆ ನೀನು ಊಟ ಆಯ್ತಾ, ಮಾತ್ರೆ ಆಯ್ತಾ ಅಂತ ಕೇಳಿ ಸುಮ್ಮನಾಗುತ್ತೀಯ. ನಾನು ಸುಮ್ಮನಿದ್ದಾಗಲೇ ನೀನು ಮಾತಾಡಿದ್ದು. ಆವತ್ತು ದಾರಿಯಲ್ಲೇ ಬಾಯಿ ಬಿಟ್ಟಿದ್ದರೆ ಸಾಯಂಕಾಲ ಆ ಗೋಡೆಯ ಮಾತು ನನಗೆ ಸಿಗುತ್ತಿರಲಿಲ್ಲ. ಆದ್ದರಿಂದ ಓದಿ ಮುಗಿಸಿದ ಮೇಲೆ ಪೆನ್ನು ಹುಡುಕಬೇಡ. ನಾನು ಹಿತ್ತಲಲ್ಲಿ ಅಜ್ಜಿ ಪಕ್ಕ ಇರುತ್ತೇನೆ. ನಿಂತಲ್ಲಿಂದಲೇ ನನ್ನ ಹೆಸರು ಕೂಗು, ಓಗೊಡುತ್ತೇನೆ. ಬೇಗ ಉತ್ತರ ಕೊಡು.