ಮೆಟ್ಟಿಲ ಮೇಲೆ ಕೂತ ಪಾಸ್ಟರ್

೩ ಮಾರ್ಚ್, ಸೋಮವಾರ, ಬೆಳಿಗ್ಗೆ

ತಂಗಿಗೆ ಕಾಗದ. ಕರಡು ಮೊದಲು ಈ ಡೈರಿಯಲ್ಲೇ — ಹಳೆಯ ಚಾಳಿ.

'ತಂಗೀ, ಹೇಗಿದ್ದೀಯ? ನಿನ್ನ ಯಜಮಾನರ ಮೊಣಕಾಲು ಹೇಳಿದ ಮಾತು ಕೇಳುತ್ತಿದೆಯೇ? ಸೊಸೆಯ ಕೆಮ್ಮು? ಮೊಮ್ಮಗಳು ಗುಬ್ಬಿಗೆ ಮುಂದಿನ ಹಲ್ಲು ಬಂತೇ, ಇನ್ನೂ ಬಾಯಿಗೆ ಕೈ ಅಡ್ಡ ಹಿಡಿದೇ ನಗುತ್ತಾಳೆಯೇ...'

ಎಲ್ಲರದ್ದೂ ಕೇಳಿದೆ. ಅವಳ ಎದೆಯ ಗಂಟಿನದ್ದು ಕೇಳಲು ಕೈ ಬರಲಿಲ್ಲ. ಅಲ್ಲಿಗೇ ಬಿಟ್ಟೆ.

ಆಪರೇಷನ್ ಬೇಡ ಅಂದಿದ್ದಾಳಂತೆ. ಡಾಕ್ಟರು ಇಪ್ಪತ್ತೈದಕ್ಕೆ ದಿನ ಕೊಟ್ಟಿದ್ದಾರೆ, ತಡವಾದರೆ ಕೈಮೀರುತ್ತದೆ ಅಂದಿದ್ದಾರೆ. ಜನವರಿಯಲ್ಲಿ ಇಲ್ಲಿಗೆ ಬಂದಿದ್ದಾಗ ನಮ್ಮ ಪಾಸ್ಟರ್ ಅವಳ ತಲೆಯ ಮೇಲೆ ಕೈಯಿಟ್ಟು ಹೇಳಿದ್ದರು — "ಕರ್ತನು ನನಗೆ ತಿಳಿಸಿದ್ದಾನೆ, ಈ ಗಂಟು ಕರಗಿಹೋಯಿತು." ಅದನ್ನೇ ಗಟ್ಟಿಯಾಗಿ ಹಿಡಿದಿದ್ದಾಳೆ. ಅವರ ಬಳಿಗೆ ಕರೆದೊಯ್ದವನು ನಾನೇ.

ತಂಗಿ ನನ್ನ ಫೋನು ಎತ್ತುವುದಿಲ್ಲ.

೬ ಮಾರ್ಚ್

ಹಗಲೆಲ್ಲ ಸಭೆಯ ಹಾಡಿನ ಪುಸ್ತಕಗಳ ಬೈಂಡಿಂಗ್. ಹದಿನಾಲ್ಕಕ್ಕೆ ಹೊಲಿಗೆ ಹಾಕಿ, ಬೆನ್ನಿಗೆ ಗೋಂದು ಬಳಿದು, ಭಾರ ಹೇರಿಟ್ಟೆ.

ಸಂಜೆ ಹಿರಿಯರ ಕೂಟ. ನಾವು ಮೂವರೇ — ಬಡಗಿ, ಟೀಚರಮ್ಮ, ನಾನು. ಪಾಸ್ಟರ್ ಬಂದು ವರ್ಷವಾಗುತ್ತ ಬಂತು. ಕಾಯಂ ಮಾಡುವುದೋ ಬೇಡವೋ, ಈ ತಿಂಗಳಲ್ಲೇ ಹೇಳಬೇಕು.

ಬಡಗಿ: "ಏನ್ ಗಂಟಲು ರೀ ಅವರದ್ದು! ಕಿಟಕಿ ಗಾಜೇ ನಡುಗುತ್ತೆ."

ಟೀಚರಮ್ಮ: "ಗಾಜು ನಡುಗೋದು ನೀವು ಸರಿಯಾಗಿ ಕೂರಿಸದೇ ಇದ್ದದ್ದಕ್ಕೆ. ಗಂಟಲೇ ಸಾಕಾದ್ರೆ ಒಂದು ಮೈಕ್ ಇಟ್ಕೊಳ್ಳೋಣ. ಅದು ರಜಾನೂ ಕೇಳಲ್ಲ."

ಬಡಗಿ: "ಹಾಗಾದ್ರೆ ಸಭೆ ಕಾಯೋ ನಿಜವಾದ ಕುರುಬನನ್ನ ಗುರುತಿಸೋದು ಹೇಗೆ, ನೀವೇ ಹೇಳಿ ಟೀಚರಮ್ಮ."

ನನಗಂತೂ ತಂಗಿಯದೇ ಯೋಚನೆ.

೧೧ ಮಾರ್ಚ್, ಮಂಗಳವಾರ

ರಿಪೇರಿಗೆ ಕೊಟ್ಟಿದ್ದ ಬೈಬಲ್ ಒಯ್ಯಲು ಪಾಸ್ಟರ್ ಅಂಗಡಿಗೆ ಬಂದರು. ತಡೆಯಲಾಗಲಿಲ್ಲ, ಕೇಳಿಯೇಬಿಟ್ಟೆ.

"ಪಾಸ್ಟರ್, ಆವತ್ತು ಕರ್ತ ತಿಳಿಸಿದ ಅಂದ್ರಲ್ಲ... ಹೇಗೆ ತಿಳಿಸಿದ? ಕಿವಿಗೆ ಕೇಳಿಸ್ತಾ?"

"ಯಾಕೆ ಅಂಕಲ್?"

"ತಂಗಿ ಆಪರೇಷನ್ ಬಿಟ್ಟುಬಿಟ್ಟಿದ್ದಾಳೆ."

ಮುಖ ಬಿಳಿಚಿತು. ಆಮೇಲೆ ಅವಳ ವಿಳಾಸ ಕೇಳಿದರು. ಬರೆದುಕೊಟ್ಟೆ. ಬೈಬಲ್ ಮರೆತೇ ಹೋದರು.

೧೪ ಮಾರ್ಚ್, ಶುಕ್ರವಾರ, ಮಧ್ಯಾಹ್ನ ೩

ತಂಗಿಯ ಗಂಡನ ಫೋನು.

"ಭಾವ, ನಿಮ್ಮ ಪಾಸ್ಟರ್ ನಮ್ಮ ಮನೆ ಮೆಟ್ಟಿಲ ಮೇಲೆ ಕೂತಿದ್ದಾರೆ. ಏನ್ ಮಾಡ್ಲಿ?"

"ಒಳಗೆ ಕರೀರಿ!"

"ಕರೆದಿದ್ದೆ, ಅದೇ ಎಡವಟ್ಟಾಯ್ತು. 'ಕರ್ತ ಹೇಳಿರಲಿಲ್ಲಮ್ಮ, ನಾನೇ ಹೇಳಿದ್ದು' ಅಂದ್ರು. 'ದೇವರು ಕೊಟ್ಟ ಮಾತನ್ನ ವಾಪಸ್ ತಗೊಳ್ಳೋಕೆ ನೀವ್ಯಾರು' ಅಂತ ನಿಮ್ಮ ತಂಗಿ ಆಚೆ ಕಳಿಸಿದ್ಲು. ಬೆಳಿಗ್ಗೆಯಿಂದ ಕೂತಿದ್ದಾರೆ. ನೀರು ಕೊಟ್ರೆ ಕುಡೀತಾರೆ, ಏಳಲ್ಲ. ಗುಬ್ಬಿ ಆಗ್ಲೇ ಅವರ ಕೈಲಿ ಹೋಂವರ್ಕ್ ಮಾಡಿಸ್ತಿದ್ದಾಳೆ."

ಬಸ್ಸಿನಲ್ಲಿ ಏಳು ಗಂಟೆಯ ದಾರಿ. ನನಗೊಂದು ಮಾತೂ ಹೇಳದೆ ಹೋಗಿದ್ದಾರೆ.

೧೬ ಮಾರ್ಚ್, ಭಾನುವಾರ

ತಂಗಿ ಬಗ್ಗಲಿಲ್ಲವಂತೆ. ಪಾಸ್ಟರ್ ನಿನ್ನೆ ರಾತ್ರಿ ಬಸ್ಸಿಗೆ ಹಿಂತಿರುಗಿದರು.

ಆರಾಧನೆಯ ನಡುವೆ ಪಾಸ್ಟರ್ ಪೀಠ ಹತ್ತಲಿಲ್ಲ. ಕೆಳಗೆ, ಮೊದಲ ಬೆಂಚಿನ ಮುಂದೆ ನಿಂತರು.

"ಜನವರಿಯಲ್ಲಿ ಇಲ್ಲೇ ಒಬ್ಬ ತಾಯಿಗೆ 'ಕರ್ತ ತಿಳಿಸಿದ್ದಾನೆ' ಅಂದೆ. ಅವನು ತಿಳಿಸಿರಲಿಲ್ಲ. ಅವರ ಅಳು ನೋಡೋಕಾಗ್ಲಿಲ್ಲ. ನನಗೆ ಬೇಕಾದದ್ದನ್ನ ದೇವರ ಬಾಯಿಗೆ ತುರುಕಿದೆ. ನನ್ನ ಮಾತು ನಂಬಿ ಬೇರೆ ಯಾರಾದ್ರೂ ಔಷಧಿ ಬಿಟ್ಟಿದ್ರೆ, ದಯವಿಟ್ಟು ಇವತ್ತೇ ಡಾಕ್ಟರ ಹತ್ರ ಹೋಗಿ. ಬಸ್ಸಿಗೆ ಜೊತೆ ಬೇಕಾದ್ರೆ ನಾನು ಬರ್ತೀನಿ."

ಅಷ್ಟೇ. ಆ ಗಂಟಲು ಎಲ್ಲಿ ಹೋಗಿತ್ತೋ... ಹಿಂದಿನ ಬೆಂಚಿನವರು ಕಿವಿ ಮುಂದೆ ಮಾಡಿ ಕೇಳಬೇಕಾಯಿತು. ಬೆಂಕಿಯಂತೆ ಮಾತಾಡುವವರನ್ನು ಈ ಎಪ್ಪತ್ತೊಂದು ವರ್ಷದಲ್ಲಿ ಬೇಕಾದಷ್ಟು ಕಂಡಿದ್ದೇನೆ. ಆದರೆ ಇವತ್ತು — ಎದ್ದು ನಿಲ್ಲಬೇಕೆನಿಸಿತು. ಎದ್ದೆ. ಯಾಕೆಂದು ನನಗೇ ಗೊತ್ತಿಲ್ಲ. ಪಕ್ಕದಲ್ಲಿ ಟೀಚರಮ್ಮನೂ ಎದ್ದಿದ್ದರು.

ಸಂಜೆ ಕೂಟದಲ್ಲಿ ಬಡಗಿ ಕೆಂಡ. "ದೇವರ ಹೆಸರಲ್ಲಿ ಸುಳ್ಳು ಹೇಳಿದೆ ಅಂತ ತಾನೇ ಒಪ್ಕೊಂಡ್ರಲ್ಲ! ಇಂಥವರನ್ನ ಇಟ್ಕೊಳ್ಳೋದಾ?"

"ಒಪ್ಕೊಳ್ಳದೇ ಇರೋರ ಮುಂದೆ ಮೂವತ್ತು ವರ್ಷ ತಲೆ ಬಗ್ಗಿಸಿ ಕೂತಿದ್ವಲ್ಲ," ಅಂದರು ಟೀಚರಮ್ಮ.

ಇಬ್ಬರೂ ನನ್ನ ಕಡೆ ತಿರುಗಿದರು.

"ಇವರೇ ಇರ್ಲಿ," ಅಂದೆ. "ನಾಳೆ ಇವರು ದೇವರ ಮಾತು ಅಂದ್ರೆ ನಂಬ್ತೀನಿ. ಅಲ್ಲದ್ದನ್ನ ಅಲ್ಲ ಅಂದದ್ದು ಕೇಳಿದ್ದೀನಿ."

ಬಡಗಿ ಗಡ್ಡ ಕೆರೆದುಕೊಂಡ. "ಆ ಏಳು ಗಂಟೆ ಬಸ್ಸು... ಅದು ನನ್ನ ಕೈಲಿ ಆಗ್ತಿರ್ಲಿಲ್ಲ ಬಿಡಿ," ಎಂದು ಕಾಯಂ ಮಾಡುವ ಪತ್ರಕ್ಕೆ ರುಜು ಹಾಕಿದ.

೧೭ ಮಾರ್ಚ್, ನಸುಕು

ಕರಡು.

'ತಂಗೀ, ಪಾಸ್ಟರ್ ಹಿಂದಕ್ಕೆ ಪಡೆದದ್ದು ದೇವರ ಮಾತನ್ನಲ್ಲ, ತಮ್ಮದನ್ನು. ಇನ್ನು ನನ್ನ ಸರದಿ. ಆವತ್ತು ಎಲ್ಲರಿಗಿಂತ ಜೋರಾಗಿ ಆಮೆನ್ ಅಂದವನು ನಾನು. ನೀನು ತಿರುಗಿ ನನ್ನ ಮುಖ ನೋಡಿದೆ. ನಾನು ಹೌದೆಂದು ತಲೆಯಾಡಿಸಿದೆ. ನನಗೆ ಏನೂ ಕೇಳಿಸಿರಲಿಲ್ಲ, ತಾಯಿ. ಹೆದರಿದ್ದೆ, ಅಷ್ಟೆ. ನೀನು ನಂಬಿದ್ದು ಅವರನ್ನಲ್ಲ, ಅಣ್ಣ ತಲೆಯಾಡಿಸಿದ್ದನ್ನು — ಅದು ನನಗೆ ಗೊತ್ತು.

ಇಪ್ಪತ್ತೈದರ ದಿನವನ್ನು ಆಸ್ಪತ್ರೆಯವರು ಇನ್ನೂ ಬೇರೆಯವರಿಗೆ ಕೊಟ್ಟಿಲ್ಲ, ನಿನ್ನ ಯಜಮಾನರು ವಿಚಾರಿಸಿದ್ದಾರೆ. ಕೋಪವಿದ್ದರೆ ಕೋಪದಲ್ಲೇ ಬರೆ, ಬೈದೇ ಬರೆ. ಹೋಗುತ್ತೇನೆ ಎಂಬ ಒಂದು ಸಾಲು ಸಾಕು. ಟಪಾಲಿಗೆ ಮೂರು ದಿನ ಬೇಕು, ಕೈಗೆ ಸಿಕ್ಕಿದ ಕೂಡಲೇ ಬರೆ, ಬೇಗ.'